ಸಡಿಲಗೊಳ್ಳಲು ಬಾರದ ಜಠರ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಜನ ಆಡುವ ಮಾತು ಒಂದೇ: 'ಹೊಟ್ಟೆ ಕತ್ತರಿಸಿ ಸಣ್ಣದು ಮಾಡ್ತಾರೆ, ಆಮೇಲೆ ಜಾಸ್ತಿ ಹಿಡಿಸೋದಿಲ್ಲ, ಅಷ್ಟೇ.' ಮಾತು ಪೂರ್ತಿ ಸುಳ್ಳಲ್ಲ. ಆದರೆ ಇಷ್ಟನ್ನೇ ನಂಬಿ ಊಟಕ್ಕೆ ಕೂತವರು ಮೂರನೇ ತುತ್ತಿಗೆ ಎದೆ ಹಿಡಿದುಕೊಂಡು ಏಳುತ್ತಾರೆ. ಬರೀ ಪಾತ್ರೆ ಚಿಕ್ಕದಾಗಿದ್ದರೆ ಕಡಿಮೆ ತುಂಬಿಕೊಂಡರೆ ಸಾಕಿತ್ತು. ಅಷ್ಟು ನಿಧಾನವಾಗಿ ತಿನ್ನಬೇಕು ಎನ್ನುವುದೇಕೆ? ಊಟದ ಜೊತೆ ನೀರು ಬೇಡ ಎನ್ನುವುದೇಕೆ? ಮೆತ್ತನೆಯ ಬ್ರೆಡ್ಡು ಸಿಕ್ಕಿಕೊಂಡು ಗರಿಗರಿ ಬಿಸ್ಕತ್ತು ಸಲೀಸಾಗಿ ಇಳಿಯುವುದೇಕೆ? ಪಾತ್ರೆಯ ಲೆಕ್ಕದಲ್ಲಿ ಇದಕ್ಕೆಲ್ಲ ಉತ್ತರ ಸಿಗುವುದಿಲ್ಲ. ಒತ್ತಡದ ಲೆಕ್ಕದಲ್ಲಿ ಸಿಗುತ್ತದೆ.

ಮಾಮೂಲಿ ಜಠರ ಖಾಲಿ ಇದ್ದಾಗ ಅದರೊಳಗಿನ ಜಾಗ ನೂರು ಮಿಲಿಲೀಟರಿಗೂ ಕಡಿಮೆ. ಹೊಟ್ಟೆ ತುಂಬ ಉಂಡಾಗ ಅದೇ ಜಠರ ಒಂದು ಲೀಟರಿಗೂ ಹೆಚ್ಚು ಹಿಡಿಸಿಕೊಳ್ಳುತ್ತದೆ. ಹಿಗ್ಗುವುದೇನೂ ದೊಡ್ಡದಲ್ಲ, ರಬ್ಬರೂ ಹಿಗ್ಗುತ್ತದೆ. ಹತ್ತು ಪಟ್ಟು ಹಿಗ್ಗಿದರೂ ಒಳಗಿನ ಒತ್ತಡ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದಲ್ಲ, ಸೋಜಿಗ ಅದು. ತುತ್ತು ಇನ್ನೂ ಅನ್ನನಾಳದಲ್ಲಿ ಇರುವಾಗಲೇ ಮಿದುಳಿಗೂ ಹೊಟ್ಟೆಗೂ ನಡುವಿನ ವೇಗಸ್ ನರದ ಮೂಲಕ ಸುದ್ದಿ ಮುಟ್ಟಿ, ಜಠರದ ಮೇಲ್ಭಾಗದಲ್ಲಿ ಗುಮ್ಮಟದಂತಿರುವ ಫಂಡಸ್ ತನ್ನ ಸ್ನಾಯುಗಳನ್ನು ಸಡಿಲ ಬಿಡುತ್ತದೆ. ಊಟಕ್ಕೆ ಕೂರುವ ಮೊದಲೇ ಲಾಡಿ ಸಡಿಲಿಸಿಕೊಂಡವರ ಹಾಗೆ. ಅಥವಾ ತುಂಬಿದ ಬಸ್ಸಿನಲ್ಲಿ, ಹತ್ತುವವರನ್ನು ಕಂಡ ಕೂಡಲೇ ಹಿಂದಕ್ಕೆ ಸರಿದು ಜಾಗ ಬಿಡುವವರ ಹಾಗೆ. ಹೊಸಬರು ನೂಕುವ ಪ್ರಮೇಯವೇ ಬರುವುದಿಲ್ಲ.

ಇದಕ್ಕೆ 'ಸ್ವಾಗತದ ಸಡಿಲಿಕೆ' ಎನ್ನಬಹುದಾದ ಹೆಸರು ಕೊಟ್ಟು 1911ರಲ್ಲಿ ವಿವರಿಸಿದವರು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಮತ್ತು ಅವರ ಜೊತೆಗಾರ ಲೀಬ್. ಕ್ಯಾನನ್ ಸಾಮಾನ್ಯ ಆಸಾಮಿಯಲ್ಲ. ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಮರುವರ್ಷವೇ ಹಾರ್ವರ್ಡ್‌ನಲ್ಲಿ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ಈತ ಆ ಕಿರಣಗಳಿಂದ ಪ್ರಾಣಿಗಳ ಹೊಟ್ಟೆಯೊಳಗನ್ನು ನೋಡಲು ಕೂತಿದ್ದರು. ಎಕ್ಸ್-ರೇಯಲ್ಲಿ ಎದ್ದು ಕಾಣಲೆಂದು ಬಿಸ್ಮತ್ ಬೆರೆಸಿದ ಆಹಾರವನ್ನು ಬೆಕ್ಕುಗಳಿಗೆ ತಿನ್ನಿಸಿ ಜಠರದಲ್ಲಿ ಅಲೆಗಳು ಹೇಗೆ ಸಾಗುತ್ತವೆ ಎಂದು ಗಮನಿಸುತ್ತಿದ್ದರು. ಬೆಕ್ಕು ಸಿಟ್ಟಾದರೆ, ಗಾಬರಿಯಾದರೆ ಅಲೆಗಳು ತಟ್ಟನೆ ನಿಂತುಬಿಡುತ್ತಿದ್ದವು. ಜಠರ ಬರೀ ಚೀಲವಲ್ಲ, ನರಮಂಡಲ ಹೇಳಿದ ಹಾಗೆ ಕೇಳುವ ಅಂಗ ಎಂಬುದು ನೂರು ವರ್ಷಕ್ಕೂ ಹಿಂದೆಯೇ ಗೊತ್ತಾಗಿತ್ತು. ನಾವು ಮಾತ್ರ ಈಗಲೂ ಚೀಲ ಎಂದೇ ಅಂದುಕೊಂಡಿದ್ದೇವೆ.

ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ 'ಸ್ಲೀವ್' ಎಂಬುದು ಒಂದು ಬಗೆ. ಅದರಲ್ಲಿ ಜಠರದ ಹೊರಬಾಗಿನ ಕಡೆಯ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಹಾಗೆ ಹೋಗುವುದರಲ್ಲಿ ಫಂಡಸ್ ಹೆಚ್ಚುಕಡಿಮೆ ಪೂರ್ತಿ ಸೇರಿರುತ್ತದೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಹಿಡಿಸುವುದು ಸುಮಾರು 100ರಿಂದ 150 ಮಿಲಿಲೀಟರ್. ಮೇಲೆ ಅನ್ನನಾಳದ ಬಿಗಿಪಟ್ಟಿ, ಕೆಳಗೆ ಪೈಲೋರಸ್ ಎಂಬ ಬಾಗಿಲು, ಎರಡೂ ಇದ್ದ ಹಾಗೇ ಇರುತ್ತವೆ. ಅಂದರೆ ಎರಡೂ ತುದಿಗೆ ಬಾಗಿಲಿರುವ, ಗೋಡೆ ಸಡಿಲಿಸಲು ಬಾರದ ಓಣಿ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದವರಿಗೆ ಇದು ಗೊತ್ತು: ಮೊದಲ ಹತ್ತು ಒತ್ತು ಸುಲಭ, ಟಯರು ಬಿಗಿಯಾದ ಮೇಲೆ ಒಂದೊಂದು ಒತ್ತಿಗೂ ತೋಳು ನೋಯುತ್ತದೆ. ಹದಿನೈದು ಮಿಲಿಲೀಟರಿನ ಒಂದು ತುತ್ತು ಒಂದು ಲೀಟರಿನ ಜಠರಕ್ಕೆ ನೂರಕ್ಕೆ ಒಂದೂವರೆ ಪಾಲು; ನೂರು ಮಿಲಿಲೀಟರಿನ ಕೊಳವೆಗೆ ನೂರಕ್ಕೆ ಹದಿನೈದು. ಕೊನೆಯ ಒಂದು ತುತ್ತು ಎಂಬುದು ಅಲ್ಲಿ ಏನೂ ಅಲ್ಲ. ಇಲ್ಲಿ ಅದೇ ಎಲ್ಲ.

ಹಾಗಾಗಿ ತುಂಬಿದ ಸೂಚನೆಯ ಭಾಷೆಯೇ ಬದಲಾಗುತ್ತದೆ. ಹೊಟ್ಟೆ ಭಾರವಾಗುವುದು, ತೃಪ್ತಿಯ ತೇಗು ಬರುವುದು ಇತ್ಯಾದಿಗಳನ್ನು ಕಾಯುತ್ತಾ ಕೂತರೆ ಹೊತ್ತು ಮೀರಿರುತ್ತದೆ. ಹೊಸ ಸೂಚನೆಗಳು ಎದೆಗೂಡಿನ ಕೆಳಗೆ ನಡುವಿನಲ್ಲಿ ಸಣ್ಣ ಬಿಗಿತ, ಇದ್ದಕ್ಕಿದ್ದಂತೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು, ಸೀನು. ಇವುಗಳಲ್ಲಿ ಮೊದಲನೆಯದು ಕಂಡಾಗಲೇ ಚಮಚ ಕೆಳಗಿಡಬೇಕು, ತಟ್ಟೆಯಲ್ಲಿ ಒಂದೇ ತುತ್ತು ಉಳಿದಿದ್ದರೂ.

ಮೊದಲ ವಾರಗಳ ಕಟ್ಟುಪಾಡಿಗೆ ಇನ್ನೊಂದು ಕಾರಣವೂ ಇದೆ. ಉದ್ದಕ್ಕೂ ಸ್ಟೇಪಲ್ ಹಾಕಿ ಮುಚ್ಚಿದ ಅಂಚು ಊದಿಕೊಂಡಿರುತ್ತದೆ, ಇನ್ನೂ ಕೂಡಿಕೊಳ್ಳುತ್ತಿರುತ್ತದೆ. ಒತ್ತಡ ತಡೆಯುವ ಶಕ್ತಿ ಆಗಿನ್ನೂ ಅದಕ್ಕೆ ಬಂದಿರುವುದಿಲ್ಲ. ಅದಕ್ಕೇ ಮೊದಲ ಒಂದೆರಡು ದಿನ ತಿಳಿಯಾದ ದ್ರವ ಮಾತ್ರ, ಸುಮಾರು ಎರಡು ವಾರದ ತನಕ ಹಾಲು, ಪ್ರೋಟೀನ್ ಪಾನೀಯದಂಥ ಗಟ್ಟಿ ದ್ರವ, ಅಲ್ಲಿಂದ ನಾಲ್ಕನೇ ವಾರದವರೆಗೆ ಗಂಟಿಲ್ಲದಂತೆ ಅರೆದದ್ದು, ಆಮೇಲೆ ಆರರಿಂದ ಎಂಟನೇ ವಾರದವರೆಗೆ ಚಮಚದಲ್ಲಿ ಒತ್ತಿದರೆ ಮುರಿಯುವಷ್ಟು ಮೆತ್ತಗಿನದು. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕ ತುಸು ಹಿಂದೆಮುಂದೆ ಆಗುತ್ತದೆ, ನಿಮ್ಮ ವೈದ್ಯರು ಕೊಟ್ಟ ಲೆಕ್ಕವೇ ನಿಮ್ಮದು. 'ಚೆನ್ನಾಗಿದ್ದೀನಲ್ಲ' ಎಂದು ಒಂದು ಮೆಟ್ಟಿಲು ಹಾರುವುದು ಬೇಡ. ಒಳಗಿನ ಗಾಯಕ್ಕೆ ನಿಮ್ಮ ಹುರುಪು ಗೊತ್ತಾಗುವುದಿಲ್ಲ. ಈ ದಿನಗಳಲ್ಲಿ ಕೂತಲ್ಲೇ ನಾಡಿ ನಿಮಿಷಕ್ಕೆ 120 ದಾಟಿ ಇಳಿಯದೆ ನಿಂತರೆ, ಜೊತೆಗೆ ಜ್ವರ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಎಡಭುಜದ ನೋವು ಇದ್ದರೆ ಹೊಲಿಗೆ ಸೋರುತ್ತಿರಬಹುದು. ಬೆಳಗಾಗಲಿ ಎಂದು ಕಾಯಬಾರದು.

ನೀರಿನ ಲೆಕ್ಕ ಕೇಳಿದವರು ಬೆಚ್ಚುತ್ತಾರೆ: ದಿನಕ್ಕೆ ಒಂದೂವರೆ ಲೀಟರ್, ಅದೂ ಒಟ್ಟಿಗೆ ಅರ್ಧ ಲೋಟವೂ ಇಳಿಯದ ಹೊಟ್ಟೆಗೆ. ಆದರೆ ಕಾಲು ಗಂಟೆಗೊಮ್ಮೆ 30 ಮಿಲಿಲೀಟರ್ ಗುಟುಕರಿಸಿದರೆ ಹನ್ನೆರಡು ಗಂಟೆಯಲ್ಲಿ 1,440 ಆಗುತ್ತದೆ. ಬಾಯಾರಿದ ಮೇಲೆ ಗಟಗಟನೆ ಕುಡಿದು ಸರಿಮಾಡಿಕೊಳ್ಳುವ ಸ್ವಾತಂತ್ರ್ಯ ಹೋಗಿದೆ, ಆದ್ದರಿಂದ ಬಾಯಾರುವ ಮೊದಲೇ ಕುಡಿಯಬೇಕು. ಊಟದ ಹೊತ್ತಿಗೆ ನಿಲ್ಲಿಸಿ, ಊಟವಾಗಿ ಅರ್ಧ ಗಂಟೆಯ ನಂತರ ಮತ್ತೆ ಶುರು. ಗ್ಯಾಸ್ ತುಂಬಿದ ಪಾನೀಯಗಳು ಬೇಡ. ಬಿಡುಗಡೆಯಾದ ಗಾಳಿಗೂ ಜಾಗ ಬೇಕಲ್ಲ.

ಈಗ ಬ್ರೆಡ್ಡು ಮತ್ತು ಬಿಸ್ಕತ್ತು. ಬ್ರೆಡ್ಡು ಎಂಜಲಿನಲ್ಲಿ ಕಲಸಿ ಮತ್ತೆ ಹಿಟ್ಟಿನ ಮುದ್ದೆಯಾಗುತ್ತದೆ; ಕೊಳವೆ ತಿರುಗುವ ಮೂಲೆಯಲ್ಲಿ ಬೆಣೆ ಹೊಡೆದಂತೆ ಕೂರುತ್ತದೆ. ಬಿಸ್ಕತ್ತು ಪುಡಿಯಾಗಿ ಕರಗಿ ಹರಿದುಹೋಗುತ್ತದೆ. ಒಣಗಿದ ಮಾಂಸವೂ ಬ್ರೆಡ್ಡಿನ ಜಾತಿಗೇ ಸೇರಿದ್ದು, ಎಷ್ಟು ಅಗಿದರೂ ನಾರಾಗಿಯೇ ಉಳಿಯುತ್ತದೆ. ಬಟಾಣಿಯಷ್ಟು ತುತ್ತು, ಇಪ್ಪತ್ತು ಮೂವತ್ತು ಸಲ ಅಗಿಯುವುದು, ನುಂಗಿದ ಮೇಲೆ ಒಂದು ನಿಮಿಷ ಕಾಯುವುದು: ಇದೆಲ್ಲ ಕೊಳವೆಗೆ ಒಂದು ತುತ್ತನ್ನು ಕೆಳಗಿಳಿಸಲು ಬಿಡುವು ಕೊಡುವುದಕ್ಕೆ. ಹಾಗೂ ಸಿಕ್ಕಿಕೊಂಡಿತು ಅನ್ನಿ. ಬಾಯಲ್ಲಿ ಎಂಜಲು ಉಕ್ಕುತ್ತದೆ, ನೊರೆ ನೊರೆಯಾಗಿ ಮೇಲೆ ಬರುತ್ತದೆ. ಆಗ ಎಲ್ಲರೂ ಮಾಡುವ ತಪ್ಪು, ತಳ್ಳಲೆಂದು ನೀರು ಕುಡಿಯುವುದು. ಕಟ್ಟಿಕೊಂಡ ಸಿಂಕಿಗೆ ಇನ್ನೊಂದು ಬಕೆಟ್ ನೀರು ಸುರಿದರೆ ಏನಾಗುತ್ತದೋ ಅದೇ ಆಗುತ್ತದೆ. ತಿನ್ನುವುದು ನಿಲ್ಲಿಸಿ, ಎದ್ದು ಮೆಲ್ಲಗೆ ಅಡ್ಡಾಡಿ, ಎಂಜಲು ಉಗುಳಿ. ಸಾಮಾನ್ಯವಾಗಿ ಇಳಿಯುತ್ತದೆ. ಗಂಟೆಗಳು ಕಳೆದರೂ ಎಂಜಲೇ ನುಂಗಲಾಗದಿದ್ದರೆ ಆಸ್ಪತ್ರೆಗೆ ಹೋಗಬೇಕು.

ತೂಕ ಇಳಿಸಲು ಮಾಡುವ ಇನ್ನೊಂದು ಬಗೆಯ ಶಸ್ತ್ರಚಿಕಿತ್ಸೆಯಾದ ಜಠರದ ಬೈಪಾಸ್ (ಹೃದಯದ್ದಲ್ಲ) ಆದವರ ಕಥೆ ಬೇರೆ. ಅವರಿಗೆ ಉಳಿಯುವುದು ಸುಮಾರು 30 ಮಿಲಿಲೀಟರಿನ ಚೀಲ, ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸಿರುತ್ತಾರೆ. ಪೈಲೋರಸ್ ಬಾಗಿಲು ದಾರಿಯಲ್ಲೇ ಇಲ್ಲ. ಈ ಚಿಕಿತ್ಸೆಯ ಹುಟ್ಟು ಚೆಂದದ್ದು: ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡವರು ತೂಕ ಕಳೆದುಕೊಳ್ಳುವುದನ್ನು ಗಮನಿಸಿದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಅದನ್ನೇ ತೂಕ ಇಳಿಸಲು ಬಳಸಿದರು. ಬಾಗಿಲಿಲ್ಲದ ತೊಂದರೆಯೂ ಹುಣ್ಣಿನ ಕಾಲದಿಂದಲೇ ಗೊತ್ತಿತ್ತು. 'ಡಂಪಿಂಗ್' ಎಂಬ ಹೆಸರು ಕೊಟ್ಟದ್ದು 1922ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಮಿಕ್ಸ್. ಸಿಹಿ ಒಮ್ಮೆಲೇ ಕರುಳಿಗೆ ಸುರಿದಾಗ, ಆ ಸಾಂದ್ರ ದ್ರಾವಣವನ್ನು ತಿಳಿಯಾಗಿಸಲು ರಕ್ತದಿಂದ ನೀರು ಕರುಳಿನೊಳಕ್ಕೆ ನುಗ್ಗುತ್ತದೆ. ಉಪ್ಪು ಹಚ್ಚಿದ ಸೌತೆಕಾಯಿ ನೀರು ಬಿಡುವುದೂ ಇದೇ ನಿಯಮದಿಂದ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆ ಡವಡವ, ಬೆವರು, ಹೊಟ್ಟೆ ಹಿಂಡಿದಂತಾಗಿ ಭೇದಿ. ಇನ್ನು ಒಂದರಿಂದ ಮೂರು ಗಂಟೆಯ ನಂತರ ಬರುವ ಕೈನಡುಕ, ಕಣ್ಣು ಕತ್ತಲೆ ಬೇರೆಯದೇ: ಸಕ್ಕರೆ ಥಟ್ಟನೆ ಏರಿದ್ದಕ್ಕೆ ಇನ್ಸುಲಿನ್ ಅಗತ್ಯ ಮೀರಿ ಸುರಿದು, ರಕ್ತದ ಸಕ್ಕರೆ ಕುಸಿದಿರುತ್ತದೆ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರಿಗೆ ಈ ದಿನಗಳಲ್ಲಿ ಹಳೆಯ ಪ್ರಮಾಣವೇ ಅಪಾಯವಾಗಬಹುದು, ವೈದ್ಯರ ಬಳಿ ಅದನ್ನು ಮತ್ತೆ ಗೊತ್ತುಮಾಡಿಸಿಕೊಳ್ಳಬೇಕು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮತ್ತು ಸಿಗರೇಟು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಮದ್ಯ ಬೇಗ ತಲೆಗೇರುತ್ತದೆ.

ಹಸಿವಿನ ವಿಷಯ ಇನ್ನೂ ವಿಚಿತ್ರ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಪತ್ತೆಹಚ್ಚಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಫಂಡಸ್‌ನಲ್ಲೇ. ಸ್ಲೀವ್‌ನಲ್ಲಿ ಅದರ ಕಾರ್ಖಾನೆಯೇ ಹೋಗಿರುತ್ತದೆ. ತಿಂಗಳುಗಟ್ಟಲೆ ಹಸಿವೇ ಆಗದೆ ಇರಬಹುದು. 'ಹಸಿದಾಗ ಮಾತ್ರ ತಿನ್ನು' ಎಂಬ ಹಿರಿಯರ ಮಾತು ಇಲ್ಲಿ ಕೈಕೊಡುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ ಅಷ್ಟೆ. ಗಡಿಯಾರ ನೋಡಿ, ತಟ್ಟೆಯಲ್ಲಿ ಮೊಟ್ಟೆ, ಮೀನು, ಮೊಸರು, ಕಾಳಿನಂಥದ್ದನ್ನು ಮೊದಲು ಮುಗಿಸಿ, ತರಕಾರಿ ಆಮೇಲೆ, ಪಿಷ್ಟ ಕೊನೆಗೆ.

ಮೂರು ನಾಲ್ಕನೇ ತಿಂಗಳಲ್ಲಿ ಕೂದಲು ಉದುರಲು ಶುರುವಾದಾಗ ಎಣ್ಣೆ, ಲೇಪ, ಹರಕೆ ಎಲ್ಲ ಹೊರಬರುತ್ತವೆ. ಶಸ್ತ್ರಚಿಕಿತ್ಸೆಯ ಮತ್ತು ತೂಕ ಇಳಿತದ ಆಘಾತಕ್ಕೆ ಕೂದಲಿನ ಬುಡಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿರುತ್ತವೆ. ಪ್ರೋಟೀನ್, ಕಬ್ಬಿಣ, ಸತು ಸರಿಯಿದ್ದರೆ ಕೆಲವು ತಿಂಗಳಲ್ಲಿ ಮರಳುತ್ತವೆ. ನಿಜಕ್ಕೂ ಹೆದರಬೇಕಾದದ್ದು ಕಣ್ಣಿಗೆ ಕಾಣುವುದಿಲ್ಲ. ಬಿ1 ಜೀವಸತ್ವದ ದಾಸ್ತಾನು ದೇಹದಲ್ಲಿ ಎರಡು ಮೂರು ವಾರಕ್ಕಷ್ಟೇ ಇರುತ್ತದೆ. ದಿನಗಟ್ಟಲೆ ವಾಂತಿಯಾಗಿ, ನಡಿಗೆ ತೂರಾಡಿ, ಒಂದು ವಸ್ತು ಎರಡಾಗಿ ಕಂಡು, ಮಾತು ಗಲಿಬಿಲಿಯಾದರೆ ಅದು ಸುಸ್ತಲ್ಲ, ಮಿದುಳಿಗೆ ಬಿದ್ದ ಪೆಟ್ಟು. ಬಿ1 ಕೊಡದೆ ಮೊದಲೇ ಗ್ಲೂಕೋಸ್ ಏರಿಸಿದರೆ ಇನ್ನೂ ಕೆಡುತ್ತದೆ, ಆದ್ದರಿಂದ ಯಾವ ಆಸ್ಪತ್ರೆಗೆ ಹೋದರೂ ತೂಕದ ಶಸ್ತ್ರಚಿಕಿತ್ಸೆ ಆಗಿದೆ ಎಂದು ಮೊದಲೇ ಹೇಳಬೇಕು. ಬಿ12 ಇದಕ್ಕೆ ತದ್ವಿರುದ್ಧ: ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ಇರುತ್ತದೆ, ಅದಕ್ಕೇ ಮಾತ್ರೆ ಬಿಟ್ಟವರಿಗೆ 'ಏನೂ ಆಗಲಿಲ್ಲ' ಎನ್ನಿಸುತ್ತದೆ. ಕ್ಯಾಲ್ಸಿಯಂ ದಿನಕ್ಕೆ 1,200ರಿಂದ 1,500 ಮಿಲಿಗ್ರಾಂ, ಆದರೆ ಒಂದು ಸಲಕ್ಕೆ 500–600ಕ್ಕಿಂತ ಹೆಚ್ಚು ಬೇಡ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಒಂದು ಇನ್ನೊಂದರ ದಾರಿ ಕಟ್ಟುತ್ತದೆ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದಾದರೆ ಕರಗಲು ಜಠರದ ಆಮ್ಲದ ಹಂಗಿಲ್ಲ.

ವರ್ಷವೊಂದು ಕಳೆದ ಮೇಲೆ ತಟ್ಟೆಯಲ್ಲಿ ತುಸು ಹೆಚ್ಚು ಹಿಡಿಸತೊಡಗುತ್ತದೆ, ಹಸಿವೂ ಇಣುಕುತ್ತದೆ. ಇದು ಸಹಜ. ಒಂದು ದಿನ ಜಾಸ್ತಿ ತಿಂದದ್ದಕ್ಕೆ ಜಠರ ಮತ್ತೆ ಹಳೆಯ ಗಾತ್ರಕ್ಕೆ ಬಂದುಬಿಡುತ್ತದೆ ಎಂಬುದು ಸುಳ್ಳು. ಐದು ದಿನ ದ್ರವದಲ್ಲಿದ್ದರೆ ಅದು ಮತ್ತೆ ಕುಗ್ಗುತ್ತದೆ ಎಂಬುದೂ ಸುಳ್ಳೇ. ಆ ಐದು ದಿನದಲ್ಲಿ ಇಳಿಯುವುದು ಬಹುಪಾಲು ನೀರಿನ ತೂಕ. ತೂಕ ಮತ್ತೆ ಏರುತ್ತಿದ್ದರೆ ಹುಡುಕಬೇಕಾದದ್ದು ಆ ಬಿಸ್ಕತ್ತಿನ ಸಂತತಿಯನ್ನು. ಐಸ್‌ಕ್ರೀಮು, ಚಿಪ್ಸು, ಚಾಕೊಲೇಟು, ಸಿಹಿ ಪಾನೀಯ: ಕರಗಿ ಹರಿಯುವ ಇವು ಕೊಳವೆಯಲ್ಲಿ ಒತ್ತಡವನ್ನೇ ಏರಿಸುವುದಿಲ್ಲ, 'ಸಾಕು' ಎಂಬ ಸೂಚನೆಯೂ ಬರುವುದಿಲ್ಲ. ಒಂದು ವಾರ ತಿಂದದ್ದನ್ನೆಲ್ಲ ಗ್ರಾಂ ಸಮೇತ ಬರೆದಿಟ್ಟು, ಯಾವುದನ್ನು ತಿಂದಾಗ ಎದೆಯ ಕೆಳಗೆ ಆ ಸಣ್ಣ ಬಿಗಿತ ಬರಲೇ ಇಲ್ಲ ಎಂದು ಗುರುತು ಹಾಕಿ, ಆ ಚೀಟಿಯನ್ನು ಡಯೆಟಿಷಿಯನ್ ಮುಂದೆ ಇಡಿ.