ವೈನ್ ಬಾಟಲಿಯ ಮೇಲೆ ಪಿಕಾಸೊ ಚಿತ್ರ ಯಾಕೆ?

ಪ್ರಶ್ನೆ: ಫ್ರಾನ್ಸಿನ ಮೂಟನ್ ರಾಥ್ಸ್‌ಚೈಲ್ಡ್ ವೈನಿನ ಲೇಬಲ್ ಮೇಲೆ ಪ್ರತಿ ವರ್ಷ ಬೇರೆ ಬೇರೆ ಕಲಾವಿದರ ಚಿತ್ರ ಇರುತ್ತದೆ. ಪಿಕಾಸೊ ಚಿತ್ರವೂ ಇದೆಯಂತೆ. ಇದೆಲ್ಲ ಸುಮ್ನೆ ಮಾರಾಟದ ಉಪಾಯ ಅಲ್ವಾ?

ಉತ್ತರ: ಮಾರಾಟಕ್ಕೆ ಅನುಕೂಲ ಆಗಿದ್ದಂತೂ ನಿಜ. ಆದರೆ ಇದರ ಬೇರು ಬೇರೆ ಕಡೆ ಇದೆ. ನಾವು ಬೆಳೆದು ನಾವೇ ಮಾಡಿದ ವೈನು ಇನ್ನೊಬ್ಬರ ಕೈಯಲ್ಲಿ ಬಾಟಲಿಗೆ ಇಳಿಯುವುದು ಬೇಡ ಅಂತ ಒಬ್ಬ ಯುವಕ ಪಟ್ಟು ಹಿಡಿದರು. ಚಿತ್ರದ ಕಥೆ ಶುರುವಾಗುವುದು ಅಲ್ಲಿಂದ.

ಈ ವೈನಿನ ದ್ರಾಕ್ಷಿ ತೋಟ ಇರುವುದು ಬೋರ್ಡೊ ಸೀಮೆಯ ಪೊಯಾಕ್ ಎಂಬ ಊರಿನಲ್ಲಿ. 1853ರಲ್ಲಿ ನಥಾನಿಯೆಲ್ ದ ರಾಥ್ಸ್‌ಚೈಲ್ಡ್ ಅದನ್ನು ಹರಾಜಿನಲ್ಲಿ 11,25,000 ಫ್ರಾಂಕ್‌ಗೆ ಕೊಂಡರು. ಹೆಸರಾಂತ ಬ್ಯಾಂಕಿಂಗ್ ಮನೆತನದವರು. ಎರಡೇ ವರ್ಷಕ್ಕೆ, ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಕ್ಕಾಗಿ ಬೋರ್ಡೊ ವೈನುಗಳ ದರ್ಜೆ ಪಟ್ಟಿ ತಯಾರಾಯಿತು. ಮಾಡಿದವರು ದಲ್ಲಾಳಿಗಳು, ನೋಡಿದ್ದು ಮಾರುಕಟ್ಟೆಯ ಬೆಲೆ. ಲಫೀಟ್, ಲಟೂರ್, ಮಾರ್ಗೋ, ಓ ಬ್ರಿಯೋಂ ಈ ನಾಲ್ಕು ತೋಟಗಳು ಮೊದಲ ದರ್ಜೆಗೆ ಹೋದವು. ಮೂಟನ್ ಎರಡನೇ ದರ್ಜೆಯಲ್ಲಿ ಉಳಿಯಿತು. ಆ ದರ್ಜೆಯ ಪಟ್ಟಿಯಲ್ಲಿ ಅದರದೇ ಮೊದಲ ಹೆಸರು ಅನ್ನುವುದು ಮನೆಯವರಿಗೆ ಸಮಾಧಾನ ಕೊಡಲಿಲ್ಲ.

ನಂತರದ ಎರಡು ತಲೆಮಾರು ತೋಟದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1922ರಲ್ಲಿ ನಥಾನಿಯೆಲ್‌ರ ಮರಿಮಗ ಫಿಲಿಪ್ ಬಂದು ಹೊಣೆ ಹೊತ್ತುಕೊಂಡರು. ಆಗ ಅವರಿಗೆ 20 ವರ್ಷ.

ಆ ಕಾಲದ ಪದ್ಧತಿ ನೋಡಿ. ತೋಟದವರು ವೈನನ್ನು ಪೀಪಾಯಿಯಲ್ಲೇ ಬೋರ್ಡೊ ನಗರದ ವ್ಯಾಪಾರಿಗಳಿಗೆ ಮಾರುತ್ತಿದ್ದರು. ಅದನ್ನು ಮಾಗಿಸಿ, ಬಾಟಲಿಗೆ ತುಂಬಿ, ಲೇಬಲ್ ಹಚ್ಚುವುದೆಲ್ಲ ಹೆಚ್ಚಾಗಿ ಅವರ ಉಗ್ರಾಣದಲ್ಲಿ. ಅಲ್ಲಿ ಇನ್ನೊಂದು ವೈನು ಬೆರೆತರೂ ಬೆಳೆದವರಿಗೆ ಗೊತ್ತಾಗುವ ದಾರಿ ಇರಲಿಲ್ಲ. ಹೆಸರು ಮಾತ್ರ ತೋಟದ್ದು. ಫಿಲಿಪ್ ಇದನ್ನು ಒಪ್ಪಲಿಲ್ಲ. 1924ರ ಬೆಳೆಯಿಂದ ಪೂರ್ತಿ ವೈನನ್ನು ತೋಟದಲ್ಲೇ ಬಾಟಲಿಗೆ ತುಂಬಿಸಲು ಶುರು ಮಾಡಿದರು. ಉಳಿದ ದೊಡ್ಡ ತೋಟದವರನ್ನೂ ಆ ದಾರಿಗೆ ಎಳೆದರು. ನನ್ನ ಮಟ್ಟಿಗೆ ಅವರು ಮಾಡಿದ ಅತಿ ದೊಡ್ಡ ಕೆಲಸ ಇದೇ, ಚಿತ್ರಗಳೆಲ್ಲ ಆಮೇಲಿನ ಮಾತು.

ಇದಕ್ಕೆ ಜಾಗ ಬೇಕಿತ್ತು. ಮೊದಲಾದರೆ ಪೀಪಾಯಿಗಳು ಬೇಗ ಖಾಲಿಯಾಗುತ್ತಿದ್ದವು. ಈಗ ವರ್ಷಗಟ್ಟಲೆ ಮನೆಯಲ್ಲೇ ಇರಬೇಕು. ಅದಕ್ಕೇ 1926ರಲ್ಲಿ 100 ಮೀಟರ್ ಉದ್ದದ ಉಗ್ರಾಣ ಕಟ್ಟಿಸಿದರು. ಒಂದೊಂದು ಪೀಪಾಯಿ 225 ಲೀಟರಿನದು. ಅವುಗಳನ್ನು ನೆಲದ ಮೇಲೆ ಸಾಲಾಗಿ ಮಲಗಿಸಿಟ್ಟಿರುತ್ತಾರೆ.

ಬಾಟಲಿ ತಮ್ಮದಾದ ಮೇಲೆ ಲೇಬಲ್ಲೂ ತಮ್ಮದೇ ಆಗಬೇಕಲ್ಲ? 1924ರ ಲೇಬಲ್ಲನ್ನು ಪೋಸ್ಟರ್ ಕಲಾವಿದ ಝಾನ್ ಕಾರ್ಲು ಅವರಿಂದ ಬರೆಸಿದರು. ಟಗರಿನ ತಲೆ, ಮನೆತನದ ಗುರುತಾದ ಐದು ಬಾಣಗಳು. ಕಾಲಕ್ಕಿಂತ ತುಂಬಾ ಮುಂದಿತ್ತು, ಕೆಲವೇ ವರ್ಷ ಉಳಿಯಿತು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಫಿಲಿಪ್ ಯಹೂದಿ. ಜರ್ಮನ್ ನಾಜಿಗಳ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ಅವರನ್ನು ಬಂಧಿಸಿತು, ಪೌರತ್ವವನ್ನೂ ಕಿತ್ತುಕೊಂಡಿತು. ಅವರು ತಪ್ಪಿಸಿಕೊಂಡು ಹೋಗಿ ನಾಜಿಗಳ ವಿರುದ್ಧ ಹೋರಾಡುತ್ತಿದ್ದ ಫ್ರೆಂಚ್ ನಾಯಕ ದ ಗಾಲ್ ಅವರ ಪಡೆ ಸೇರಿದರು. ಹೆಂಡತಿ ಎಲಿಜಬೆತ್ ಹುಟ್ಟಿನಿಂದ ಕ್ಯಾಥೊಲಿಕ್ ಮನೆಯವರು. ಅವರನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹಿಡಿದೊಯ್ದಿತು. 1945ರಲ್ಲಿ ಅವರು ರಾವೆನ್ಸ್‌ಬ್ರೂಕ್ ಎಂಬ ನಾಜಿ ಸೆರೆ ಶಿಬಿರದಲ್ಲಿ ತೀರಿಕೊಂಡರು. ಅದೇ ವರ್ಷದ ಬೆಳೆಯ ಲೇಬಲ್ ಮೇಲೆ ವಿಜಯದ 'ವಿ' ಅಕ್ಷರ ಇದೆ. ಬಿಡಿಸಿದ್ದು ಫಿಲಿಪ್ ಜೂಲಿಯಾಂ ಎಂಬ ಯುವ ಕಲಾವಿದ. ವರ್ಷಕ್ಕೊಂದು ಚಿತ್ರ ಹಾಕುವ ಪದ್ಧತಿ ಅಲ್ಲಿಂದ ಬಂತು. ಬ್ರಾಕ್, ಡಾಲಿ, ಮೀರೊ, ಶಗಾಲ್ ಎಲ್ಲರೂ ಬಂದರು. ಕಲಾವಿದರಿಗೆ ಕೊಡುವುದು ದುಡ್ಡಲ್ಲ, ವೈನಿನ ಪೆಟ್ಟಿಗೆಗಳು.

ಇನ್ನು ಪಿಕಾಸೊ. ದರ್ಜೆ ಪಟ್ಟಿಯ ಅಸಮಾಧಾನ ಮನೆಯಲ್ಲಿ ಹಾಗೇ ಇತ್ತು. ಮೂಟನ್ ವೈನು ಮೊದಲ ದರ್ಜೆಯ ಬೆಲೆಗೇ ಹೋಗುತ್ತಿದ್ದರೂ ಪಟ್ಟಿ ಬದಲಾಗಿರಲಿಲ್ಲ. ಪಕ್ಕದ ಲಫೀಟ್ 1868ರಿಂದ ಇದೇ ವಂಶದ ಇನ್ನೊಂದು ಕವಲಿನ ಕೈಯಲ್ಲಿತ್ತು. ದಾಯಾದಿಗಳು ಮೊದಲ ದರ್ಜೆ, ತಾವು ಎರಡನೆಯದು! ಫಿಲಿಪ್ ದಶಕಗಟ್ಟಲೆ ಬೆನ್ನು ಹತ್ತಿದರು. ಕೊನೆಗೆ 1973ರಲ್ಲಿ ಕೃಷಿ ಸಚಿವರಾಗಿದ್ದ ಝಾಕ್ ಶಿರಾಕ್ ಬಡ್ತಿಯ ಆದೇಶಕ್ಕೆ ಸಹಿ ಹಾಕಿದರು. ಆ ಪಟ್ಟಿಯಲ್ಲಿ ಒಂದು ತೋಟ ಮೇಲಿನ ದರ್ಜೆಗೆ ಏರಿದ್ದು ಅದೊಂದೇ ಸಲ. ಅದೇ ವರ್ಷ ಏಪ್ರಿಲ್‌ನಲ್ಲಿ ಪಿಕಾಸೊ ತೀರಿಕೊಂಡಿದ್ದರು. ಮೂಟನ್ ಸಂಗ್ರಹದಲ್ಲಿದ್ದ ಅವರ ಚಿತ್ರವನ್ನೇ 1973ರ ಲೇಬಲ್‌ಗೆ ಬಳಸಿ ಅವರಿಗೆ ಗೌರವ ಸಲ್ಲಿಸಿದರು. ವೈನಿನ ದೃಷ್ಟಿಯಿಂದ ಅದು ಅಂಥ ಒಳ್ಳೆಯ ವರ್ಷವೇನೂ ಅಲ್ಲ. ಆದರೂ ಜನ ಆ ಬಾಟಲಿಯನ್ನು ಹುಡುಕಿಕೊಂಡು ಹೋಗುತ್ತಾರೆ.

1988ರಲ್ಲಿ ಫಿಲಿಪ್ ತೀರಿಕೊಂಡ ಮೇಲೆ, ರಂಗನಟಿಯಾಗಿದ್ದ ಮಗಳು ಫಿಲಿಪೀನ್ ತೋಟ ನೋಡಿಕೊಂಡರು. 2009ರ ಲೇಬಲ್ಲಿನ ಚಿತ್ರ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದು. ಫಿಲಿಪೀನ್ 2014ರಲ್ಲಿ ತೀರಿಕೊಂಡರು. ಈಗ ತೋಟ ಅವರ ಮೂವರು ಮಕ್ಕಳದು. ಕಲಾವಿದರನ್ನು ಮಾತಾಡಿಸುವ ಕೆಲಸ ಕಿರಿಯ ಮಗ ಝೂಲಿಯಾಂ ಅವರ ಪಾಲಿಗೆ ಬಂದಿದೆ.