ಊರು ಬಂದಾಗ ಎಬ್ಬಿಸಿ

ಪ್ರೋಗ್ರಾಂ ಕುಸಿದು ಬಿದ್ದರೆ ನನಗೆ ಅಂಥ ಭಯವಿಲ್ಲ. ಎಲ್ಲಿ ಎಡವಿದೆ ಎಂಬ ಗುರುತನ್ನು ಅದು ಬಿಟ್ಟೇ ಬೀಳುತ್ತದೆ. ಭಯವಾಗುವುದು ಇದ್ದಕ್ಕಿದ್ದಂತೆ ಮೌನವಾಗುವ ಪ್ರೋಗ್ರಾಂ ಕಂಡಾಗ. ಕೆಲವು ವರ್ಷಗಳ ಹಿಂದೆ ನಾನು ಬರೆದ ಒಂದು ಸರ್ವರ್ ಹೀಗೇ ಮಾಡುತ್ತಿತ್ತು. ಮೂರ್ನಾಲ್ಕು ದಿನ ಚೆನ್ನಾಗಿ ಓಡುವುದು, ಆಮೇಲೆ ಯಾವುದೋ ಹೊತ್ತಿನಲ್ಲಿ ಸದ್ದಿಲ್ಲದೆ ನಿಂತುಬಿಡುವುದು. ಸಿಪಿಯು ಬಳಕೆ ಸೊನ್ನೆ. ಮೆಮೊರಿ ಸರಿಯಾಗಿದೆ. ಲಾಗ್‌ನಲ್ಲಿ ಒಂದು ಸಾಲಿನ ದೂರೂ ಇಲ್ಲ. ದೋಷ ಹುಡುಕುವ ಸಾಧನವಾದ ಡೀಬಗರ್ ಹಾಕಿ ನೋಡಿದರೆ ಒಳಗಿದ್ದ 16 ಥ್ರೆಡ್‌ಗಳೂ ಒಂದೇ ಜಾಗದಲ್ಲಿ ನಿಂತಿದ್ದವು. ಆ ಜಾಗದ ಹೆಸರು ಫ್ಯುಟೆಕ್ಸ್ ವೇಟ್. ಅಂದರೆ ಎಲ್ಲವೂ ಮಲಗಿವೆ, ಯಾರಾದರೂ ಬಂದು ಎಬ್ಬಿಸಲಿ ಎಂದು ಕಾಯುತ್ತಿವೆ. ಎಬ್ಬಿಸಬೇಕಾದವರೂ ಆ ಮಲಗಿದವರಲ್ಲೇ ಇದ್ದಾರೆ.

ರಾತ್ರಿ ಬಸ್ಸು ಹತ್ತಿ, ಕಂಡಕ್ಟರಿಗೆ "ಊರು ಬಂದಾಗ ಸ್ವಲ್ಪ ಎಬ್ಬಿಸಿ ಸಾರ್" ಎಂದು ಹೇಳಿ ಶಾಲು ಹೊದ್ದು ಮಲಗುತ್ತೇವಲ್ಲ, ಥ್ರೆಡ್ ಲೈಬ್ರರಿಯ (ಥ್ರೆಡ್‌ಗಳನ್ನು ನಡೆಸಲು ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡಿನ) ಅರ್ಧಕ್ಕಿಂತ ಹೆಚ್ಚಿನ ಕೆಲಸ ಆ ಒಂದು ಮಾತನ್ನು ಉಳಿಸಿಕೊಳ್ಳುವುದೇ ಆಗಿದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಆ ಮಾತನ್ನು ಉಳಿಸಿಕೊಳ್ಳಲು ಸುಮಾರು ಮೂರು ದಶಕಗಳಿಂದ ಜನ ದುಡಿಯುತ್ತಿದ್ದಾರೆ.

ಮೊದಲು ಥ್ರೆಡ್ ಅಂದರೇನು ನೋಡೋಣ. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ತನ್ನದೇ ಮೆಮೊರಿ ಇರುತ್ತದೆ. ಆ ಒಂದೇ ಮೆಮೊರಿಯ ಮೇಲೆ ಒಂದೇ ಹೊತ್ತಿಗೆ ಹಲವು ಕೆಲಸಗಳು ಸಾಗಿದರೆ, ಆ ಒಂದೊಂದು ಓಟವೂ ಒಂದು ಥ್ರೆಡ್. ಮದುವೆ ಮನೆಯಲ್ಲಿ ಅಡುಗೆಯವರು ಎಂಟು ಜನ, ಉಗ್ರಾಣ ಒಂದೇ ಇರುವ ಹಾಗೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಮೆಮೊರಿಯಲ್ಲಿ 41 ಎಂಬ ಸಂಖ್ಯೆ ಇದೆ ಎಂದುಕೊಳ್ಳಿ. ಎರಡು ಥ್ರೆಡ್‌ಗಳು ಅದಕ್ಕೆ ಒಂದೊಂದು ಕೂಡಿಸಬೇಕು. ಮೊದಲನೆಯದು 41 ಓದಿಕೊಂಡಿತು. ಅದು 42 ಎಂದು ಬರೆಯುವಷ್ಟರಲ್ಲಿ ಎರಡನೆಯದೂ ಬಂದು 41 ಓದಿಕೊಂಡಿತು. ಎರಡೂ 42 ಬರೆದವು. 43 ಆಗಬೇಕಿದ್ದ ಲೆಕ್ಕದಲ್ಲಿ ಒಂದು ಎಣಿಕೆ ಮಾಯವಾಯಿತು. ಇದನ್ನು ತಡೆಯಲು ಬೀಗ ಬೇಕು, ಬೀಗ ಸಿಗದವರು ಮಲಗಲು ಜಾಗ ಬೇಕು, ಬೀಗ ಬಿಟ್ಟವರು ಮಲಗಿದವರನ್ನು ಎಬ್ಬಿಸಬೇಕು. ಇವನ್ನೆಲ್ಲ ಹೇಗೆ ಕೇಳಬೇಕು ಎಂಬುದಕ್ಕೆ 1995ರಲ್ಲಿ ಪೋಸಿಕ್ಸ್ ಮಾನದಂಡ ಬಂತು. ಪಿಥ್ರೆಡ್ಸ್ ಎಂದು ಎಲ್ಲರೂ ಕರೆಯುವುದು ಅದನ್ನೇ. ಕೇಳಿದ್ದನ್ನು ನಡೆಸಿಕೊಡುವುದು ಲೈಬ್ರರಿಯ ಪಾಲಿನ ಕೆಲಸ.

ಲಿನಕ್ಸ್‌ಗೆ 1996ರಲ್ಲಿ ಅಂಥ ಲೈಬ್ರರಿಯೊಂದನ್ನು ಬರೆದುಕೊಟ್ಟವರು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಝೇವಿಯರ್ ಲೆರಾಯ್. ಒಕ್ಯಾಮ್ಲ್ ಭಾಷೆಯನ್ನು ಕಟ್ಟಿದವರಲ್ಲಿ ಪ್ರಮುಖರೂ ಅವರೇ. ಹೆಸರು ಲಿನಕ್ಸ್‌ಥ್ರೆಡ್ಸ್. ಲಿನಕ್ಸ್‌ನ ತಿರುಳಾಗಿ ಯಂತ್ರವನ್ನು ನಡೆಸುವ ಭಾಗವೇ ಕರ್ನೆಲ್. ಆಗಿನ ಕರ್ನೆಲ್‌ಗೆ ಥ್ರೆಡ್ ಎಂಬ ಕಲ್ಪನೆ ಸರಿಯಾಗಿ ಗೊತ್ತಿರಲಿಲ್ಲ. ಮೆಮೊರಿ ಹಂಚಿಕೊಂಡ ಇನ್ನೊಂದು ಪ್ರೋಸೆಸ್ (ಅಂದರೆ ಓಡುತ್ತಿರುವ ಪ್ರೋಗ್ರಾಂ) ಹುಟ್ಟಿಸುವ ಕ್ಲೋನ್ ಎಂಬ ಸೌಲಭ್ಯ ಮಾತ್ರ ಇತ್ತು. ಲೆರಾಯ್ ಅಷ್ಟರಲ್ಲೇ ಮನೆ ಕಟ್ಟಿದರು. ಹಾಗಾಗಿ ಒಂದೇ ಪ್ರೋಗ್ರಾಮಿನ ಪ್ರತಿ ಥ್ರೆಡ್ಡಿಗೂ ಬೇರೆ ಬೇರೆ ಪ್ರೋಸೆಸ್ ಸಂಖ್ಯೆ ಬರುತ್ತಿತ್ತು. ಹೊಸ ಥ್ರೆಡ್ ಹುಟ್ಟಿಸಲು, ಸತ್ತದ್ದನ್ನು ತೆಗೆಯಲು ಮ್ಯಾನೇಜರ್ ಎಂಬ ಪ್ರತ್ಯೇಕ ಥ್ರೆಡ್ ಬೇಕಿತ್ತು, ಎಲ್ಲವೂ ಅದರ ಕೈಯಿಂದಲೇ ಹೋಗಬೇಕು. ಮಾನದಂಡದ ಕೆಲವು ನಿಯಮಗಳನ್ನು, ಮುಖ್ಯವಾಗಿ ಪ್ರೋಗ್ರಾಮಿಗೆ ಕರ್ನೆಲ್ ಮುಟ್ಟಿಸುವ ಸಿಗ್ನಲ್ ಎಂಬ ಸೂಚನೆಗಳ ವಿಷಯದಲ್ಲಿ, ಪಾಲಿಸಲು ಸಾಧ್ಯವೇ ಇರಲಿಲ್ಲ. ಆದರೂ ಕರ್ನೆಲ್ಲಿನ ಹೆಚ್ಚಿನ ನೆರವಿಲ್ಲದೆ ಅಷ್ಟು ವರ್ಷ ಜಗತ್ತಿನ ಸರ್ವರ್‌ಗಳನ್ನು ಹೊತ್ತ ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವವಿದೆ.

2002ರ ಹೊತ್ತಿಗೆ ಬದಲಿ ಬೇಕೇ ಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಹೇಗೆ ಎಂಬುದರಲ್ಲಿ ಎರಡು ಪಂಥ. ಐಬಿಎಂ ಮುಂದಾಳತ್ವದ ತಂಡ ಕಟ್ಟುತ್ತಿದ್ದದ್ದು ಪಾಠಪುಸ್ತಕಗಳು ಮೆಚ್ಚುತ್ತಿದ್ದ ವಿನ್ಯಾಸ: ಪ್ರೋಗ್ರಾಮಿನಲ್ಲಿ ಸಾವಿರ ಥ್ರೆಡ್ ಇದ್ದರೂ ಕರ್ನೆಲ್‌ಗೆ ಕಾಣುವುದು ಕೆಲವೇ ಕೆಲವು, ಉಳಿದವನ್ನು ಲೈಬ್ರರಿಯೇ ಸರದಿಯಲ್ಲಿ ಅವುಗಳ ಮೇಲೆ ಕೂರಿಸಿ ಓಡಿಸುತ್ತದೆ. ಲಿನಕ್ಸ್ ಹಂಚುವ ರೆಡ್ ಹ್ಯಾಟ್ ಕಂಪನಿಯ ಉಲ್ರಿಕ್ ಡ್ರೆಪ್ಪರ್ ಮತ್ತು ಇಂಗೊ ಮೊಲ್ನಾರ್ ಅದಕ್ಕೆ ಬದಲಾಗಿ ಒಂದಕ್ಕೊಂದು ಎಂಬ ಸರಳ ದಾರಿ ಹಿಡಿದರು. ಪ್ರೋಗ್ರಾಮಿನ ಪ್ರತಿ ಥ್ರೆಡ್ಡಿಗೂ ಕರ್ನೆಲ್ಲಿನಲ್ಲಿ ಒಂದು ಥ್ರೆಡ್. ಅದಕ್ಕಾಗಿ ಕರ್ನೆಲ್ಲನ್ನೇ ತಿದ್ದಿದರು. ಎನ್‌ಪಿಟಿಎಲ್ ಎಂಬ ಈ ಲೈಬ್ರರಿ ಸಾಮಾನ್ಯ ಪಿಸಿಯಲ್ಲಿ 1,00,000 ಥ್ರೆಡ್‌ಗಳನ್ನು ಹುಟ್ಟಿಸಿ ಮುಗಿಸಲು ತೆಗೆದುಕೊಂಡದ್ದು 2 ಸೆಕೆಂಡು. ಹಳೆಯ ವ್ಯವಸ್ಥೆಗೆ ಅದೇ ಕೆಲಸಕ್ಕೆ ಸುಮಾರು 15 ನಿಮಿಷ ಬೇಕಾಗುತ್ತಿತ್ತು. 2003ರಲ್ಲಿ ರೆಡ್ ಹ್ಯಾಟ್ ಲಿನಕ್ಸ್ 9ರ ಜೊತೆ ಅದು ಜನರ ಕೈಗೆ ಬಂತು. ಐಬಿಎಂ ತಂಡ ತನ್ನ ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿತು.

ಸಂಕೀರ್ಣ ದಾರಿ ಯಾಕೆ ಸೋತಿತು? ಸರದಿ ನಿರ್ಧರಿಸುವವರು ಇಬ್ಬರಾದರು, ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದು. ಒಂದು ಥ್ರೆಡ್ ಡಿಸ್ಕ್ ಓದಲು ಹೋಗಿ ಕರ್ನೆಲ್ಲಿನಲ್ಲಿ ನಿಂತರೆ, ಅದನ್ನು ಹೊತ್ತಿದ್ದ ಕರ್ನೆಲ್ ಥ್ರೆಡ್ಡೂ ನಿಲ್ಲುತ್ತದೆ. ಸರದಿಯಲ್ಲಿದ್ದ ಉಳಿದವೂ ಜೊತೆಗೇ ನಿಲ್ಲುತ್ತವೆ. ಇದಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 1991ರಲ್ಲೇ ಒಂದು ಜಾಣ ಪರಿಹಾರ ಹೇಳಿದ್ದರು: ಯಾವುದಾದರೂ ಥ್ರೆಡ್ ನಿಂತ ಕೂಡಲೇ ಕರ್ನೆಲ್ ಲೈಬ್ರರಿಗೆ ಸುದ್ದಿ ಮುಟ್ಟಿಸಬೇಕು. ಲಿನಕ್ಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ನೆಟ್‌ಬಿಎಸ್‌ಡಿಯವರು ಇದನ್ನೇ ಕಟ್ಟಿ 2004ರಲ್ಲಿ ಹೊರತಂದರು, ಫ್ರೀಬಿಎಸ್‌ಡಿಯವರೂ ಇದೇ ಜಾಡಿನಲ್ಲಿ ವರ್ಷಗಟ್ಟಲೆ ದುಡಿದರು. ಸಿಪಿಯುಗಳು ಹೆಚ್ಚಿದಂತೆ ತೊಡಕೂ ಹೆಚ್ಚಿತು. ಫ್ರೀಬಿಎಸ್‌ಡಿ 2008ರಲ್ಲಿ ಒಂದಕ್ಕೊಂದರ ಲೈಬ್ರರಿಗೆ ಬಂತು. 2009ರಲ್ಲಿ ನೆಟ್‌ಬಿಎಸ್‌ಡಿಯೂ ಬಂತು. ಸೋಲಾರಿಸ್ 2002ರಲ್ಲೇ ಆ ದಾರಿಗೆ ಹೊರಳಿತ್ತು. ಸಾವಿರಾರು ಸಾಲು ಕೋಡ್ ಬರೆದು, ಅದು ಓಡುತ್ತಿರುವಾಗಲೇ "ಇದು ಬೇಡ, ಸರಳವಾದದ್ದು ಸಾಕು" ಎಂದು ತೆಗೆದುಹಾಕಲು ಗಟ್ಟಿ ಮನಸ್ಸು ಬೇಕು. ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾಗುವ ಘಟ್ಟ ಇದು. (ಹಲವರನ್ನು ಕೆಲವರ ಮೇಲೆ ಕೂರಿಸುವ ಉಪಾಯ ಪೂರ್ತಿ ಸಾಯಲಿಲ್ಲ. ಗೋ ಭಾಷೆಯಲ್ಲಿ, 2023ರಿಂದ ಜಾವಾದಲ್ಲಿ ಅದು ಮತ್ತೆ ಚೆನ್ನಾಗಿ ಬದುಕಿದೆ. ಅಲ್ಲಿ ಭಾಷೆಯ ಹಿಡಿತ ಎಲ್ಲದರ ಮೇಲೂ ಇರುವುದರಿಂದ ನಿಭಾಯಿಸಲು ಆಗುತ್ತದೆ.)

ಎನ್‌ಪಿಟಿಎಲ್ ಗೆದ್ದದ್ದರ ಹಿಂದೆ ಇನ್ನೊಂದು ಚಿಕ್ಕ ವಸ್ತುವಿದೆ. ನನ್ನ ಡೀಬಗರ್ ಪರದೆಯ ಮೇಲೆ ಕಂಡ ಫ್ಯುಟೆಕ್ಸ್ ಅದು. 2002ರಲ್ಲಿ ಹ್ಯೂಬರ್ಟಸ್ ಫ್ರಾಂಕೆ, ರಸ್ಟಿ ರಸೆಲ್, ಮ್ಯಾಥ್ಯೂ ಕರ್ಕ್‌ವುಡ್ ಇದನ್ನು ಲಿನಕ್ಸ್‌ಗೆ ತಂದರು. ಇದರ ಹಿಂದಿನ ಯೋಚನೆ ಇಷ್ಟು: ಬೀಗಕ್ಕೆ ಪೈಪೋಟಿಯೇ ಇಲ್ಲದಾಗ ಕರ್ನೆಲ್ಲನ್ನು ಯಾಕೆ ಕರೆಯಬೇಕು?

ಬೀಗ ಎಂದರೆ ಮೆಮೊರಿಯಲ್ಲಿ ಒಂದು ಸಂಖ್ಯೆ, ಅಷ್ಟೇ. 0 ಇದ್ದರೆ ತೆರೆದಿದೆ. 1 ಇದ್ದರೆ ಯಾರೋ ಹಿಡಿದಿದ್ದಾರೆ, ಕಾಯುವವರಿಲ್ಲ. 2 ಇದ್ದರೆ ಹಿಡಿದಿದ್ದಾರೆ, ಹೊರಗೆ ಯಾರಾದರೂ ಮಲಗಿರಬಹುದು. ಬೀಗ ಬೇಕಾದ ಥ್ರೆಡ್ ಬಂದು "0 ಇದ್ದರೆ 1 ಮಾಡು" ಎಂದು ಸಿಪಿಯುಗೆ ಹೇಳುತ್ತದೆ. ನೋಡುವುದು, ಬದಲಿಸುವುದು ಎರಡೂ ಒಂದೇ ಏಟಿಗೆ ಆಗಬೇಕು, ನಡುವೆ ಯಾರೂ ನುಸುಳುವಂತಿಲ್ಲ. ಆಯಿತೋ, ಬೀಗ ಸಿಕ್ಕಿತು, ಕರ್ನೆಲ್‌ಗೆ ಸುದ್ದಿಯೇ ಹೋಗಿಲ್ಲ. ಆಗಲಿಲ್ಲವೋ, ಸಂಖ್ಯೆಯನ್ನು 2 ಮಾಡಿ ಕರ್ನೆಲ್‌ಗೆ ಹೇಳುತ್ತದೆ: "ಅಲ್ಲಿ ಇನ್ನೂ 2 ಇದ್ದರೆ ಮಾತ್ರ ನನ್ನನ್ನು ಮಲಗಿಸು." ಬೀಗ ಬಿಡುವವರು ಸಂಖ್ಯೆಯನ್ನು 0 ಮಾಡುತ್ತಾರೆ. ಮೊದಲು 2 ಇತ್ತು ಎಂದು ಕಂಡರೆ ಕರ್ನೆಲ್‌ಗೆ ಹೇಳಿ ಒಬ್ಬರನ್ನು ಎಬ್ಬಿಸುತ್ತಾರೆ.

"ಇನ್ನೂ 2 ಇದ್ದರೆ ಮಾತ್ರ" ಎಂಬ ಆ ಷರತ್ತಿನ ಮೇಲೆ ಎಲ್ಲವೂ ನಿಂತಿದೆ. ನಾನು ಮಲಗಲು ಹೊರಟು ಇನ್ನೂ ಮಲಗಿಲ್ಲ, ಅಷ್ಟರಲ್ಲಿ ಬೀಗ ಹಿಡಿದಿದ್ದವನು ಬಿಟ್ಟು, ಎಬ್ಬಿಸುವ ಕೂಗನ್ನೂ ಹಾಕಿ ಹೋಗಿಬಿಟ್ಟರೆ? ಮಲಗದವನಿಗೆ ಹಾಕಿದ ಕೂಗು ವ್ಯರ್ಥ. ಆಮೇಲೆ ನಾನು ಮಲಗಿದರೆ ಎಬ್ಬಿಸಲು ಮತ್ತೆ ಯಾರೂ ಬರುವುದಿಲ್ಲ. ಆದ್ದರಿಂದ ಮಲಗಿಸುವ ಮುನ್ನ ಕರ್ನೆಲ್ ಕೊನೆಯ ಸಲ ಸಂಖ್ಯೆಯನ್ನು ನೋಡುತ್ತದೆ. ಬದಲಾಗಿದ್ದರೆ "ಹೋಗು, ಮತ್ತೆ ಪ್ರಯತ್ನಿಸು" ಎಂದು ಹಿಂದಕ್ಕೆ ಕಳಿಸುತ್ತದೆ.

ನನ್ನ ಸರ್ವರಿನ ತಪ್ಪು ಇದೇ ಸಂದಿನಲ್ಲಿತ್ತು. ನಾನು ಬಳಸಿದ್ದು ಕಂಡೀಷನ್ ವೇರಿಯಬಲ್. "ಕೆಲಸ ಬಂದಾಗ ಎಬ್ಬಿಸಿ" ಎಂದು ಹೇಳಿ ಮಲಗುವ ಸೌಲಭ್ಯ ಅದು, ನಮ್ಮ ಕಂಡಕ್ಟರ್ ಇದ್ದ ಹಾಗೆ. "ಕೆಲಸ ಬಂದಿದೆ" ಎಂಬ ಗುರುತನ್ನು ಬೀಗ ಹಿಡಿದುಕೊಂಡೇ ಬದಲಿಸಬೇಕು. ನಾನು ಒಂದು ಕಡೆ ಬೀಗವಿಲ್ಲದೆ ಬದಲಿಸಿದ್ದೆ. ಪ್ರಯಾಣಿಕ ಕಿಟಕಿಯಾಚೆ ನೋಡಿ "ಇನ್ನೂ ಊರು ಬಂದಿಲ್ಲ" ಎಂದು ಶಾಲು ಎಳೆದುಕೊಳ್ಳುವ ಆ ಗಳಿಗೆಯಲ್ಲೇ ಕಂಡಕ್ಟರ್ ಕೂಗಿ ಮುಂದೆ ಹೋಗಿದ್ದ. ಅದನ್ನು ಹಿಡಿಯಲು ಎರಡು ವಾರ ಹೋಯಿತು. ಲಾಗ್ ಬರೆಯುವ ಒಂದು ಸಾಲು ಸೇರಿಸಿದರೂ ಸಮಯದ ಲೆಕ್ಕ ಬದಲಾಗಿ ದೋಷ ಕಾಣೆಯಾಗುತ್ತಿತ್ತು. ಆ ಎರಡು ವಾರ ಲೈಬ್ರರಿಯಲ್ಲೇ ತಪ್ಪಿರಬೇಕೆಂದು ನಾನು ಅನುಮಾನಿಸಿದ್ದೆ. ಅನುಭವಸ್ಥರು ಅಂಥ ಅನುಮಾನ ಬೇಡ ಎನ್ನುತ್ತಾರೆ, ಬಹುಮಟ್ಟಿಗೆ ಅವರ ಮಾತೇ ನಿಜ.

ಆದರೆ ಒಂದು ಸಲ ಲೈಬ್ರರಿಯಲ್ಲೇ ತಪ್ಪಿತ್ತು.

ಆ ಕಥೆ ತಿಳಿಯಲು ಲೈಬ್ರರಿ ನೋಡಿಕೊಳ್ಳುವವರ ಕಷ್ಟ ಸ್ವಲ್ಪ ತಿಳಿದಿರಬೇಕು. ಎನ್‌ಪಿಟಿಎಲ್ ಇರುವುದು ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ನೆಚ್ಚುವ ಮುಖ್ಯ ಲೈಬ್ರರಿಯಾದ, ಗ್ನೂ ಯೋಜನೆಯ ಜಿಲಿಬ್‌ಸಿ ಒಳಗೆ. 64 ಬಿಟ್ ಪಿಸಿಯಲ್ಲಿ ಕಂಡೀಷನ್ ವೇರಿಯಬಲ್‌ನ ಗಾತ್ರ 48 ಬೈಟ್. ಜಗತ್ತಿನಲ್ಲಿ ಈಗಾಗಲೇ ಕಂಪೈಲ್ ಆಗಿ ಓಡುತ್ತಿರುವ ಪ್ರೋಗ್ರಾಂಗಳೆಲ್ಲ ಅಷ್ಟೇ ಜಾಗ ಬಿಟ್ಟಿವೆ. 49 ಮಾಡಿದರೆ ಪಕ್ಕದ ಮೆಮೊರಿಯನ್ನು ತುಳಿದಂತೆ. ಹೊಸ ಉಪಾಯ ಏನೇ ಹೊಳೆಯಲಿ, ಆ 48 ಬೈಟ್‌ನಲ್ಲೇ ಹಿಡಿಸಬೇಕು. 2021ರಲ್ಲಿ, 2.34ನೇ ಆವೃತ್ತಿಯಲ್ಲಿ, ಬೇರೆಯಾಗಿದ್ದ ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯಲ್ಲೇ ಸೇರಿಸಿದರು. ಆದರೂ ಹಳೆಯ ಪ್ರೋಗ್ರಾಂಗಳು ಹುಡುಕಿಕೊಂಡು ಬಂದಾವು ಎಂದು ಹಳೆಯ ಹೆಸರಿನ ಖಾಲಿ ಫೈಲೊಂದನ್ನು ಉಳಿಸಿದ್ದಾರೆ.

2017ರ ಫೆಬ್ರವರಿಯಲ್ಲಿ ಬಂದ 2.25ರಲ್ಲಿ ಕಂಡೀಷನ್ ವೇರಿಯಬಲ್ಲನ್ನು ಹೊಸದಾಗಿ ಬರೆಯಲಾಯಿತು. ಮೊದಲು ಮಲಗಿದವರಿಗೆ ಸಲ್ಲಬೇಕಾದ ಕೂಗನ್ನು ಆಮೇಲೆ ಬಂದವರು ಕಸಿದುಕೊಳ್ಳುವ ದೋಷ ಹಳೆಯದರಲ್ಲಿತ್ತು, ಅದನ್ನು ಸರಿಪಡಿಸುವುದು ಉದ್ದೇಶ. ಮಲಗುವವರನ್ನು ಹಳಬರು, ಹೊಸಬರು ಎಂದು ಎರಡು ಗುಂಪು ಮಾಡಿದರು. ಕೂಗು ಹಳಬರಿಗೆ, ಅವರು ಮುಗಿದ ಮೇಲೆ ಹೊಸಬರೇ ಹಳಬರು. 48 ಬೈಟ್‌ನಲ್ಲಿ ಜಾಗ ಇದ್ದದ್ದು ಎರಡೇ ಗುಂಪಿಗೆ, ಅವನ್ನೇ ತಿರುಗಾ ಮುರುಗಾ ಬಳಸಬೇಕು. ಹಾಗಾಗಿ ತುಂಬಾ ತಡವಾಗಿ ಎಚ್ಚೆತ್ತ ಥ್ರೆಡ್ ಒಂದು, ತನ್ನ ಗುಂಪು ಯಾವತ್ತೋ ಮುಗಿದು ಆ ಜಾಗಕ್ಕೆ ಬೇರೆಯವರು ಬಂದಿರುವುದು ತಿಳಿಯದೆ, ಅವರ ಕೂಗನ್ನು ಕದಿಯಬಹುದು. ಕದ್ದದ್ದು ಗೊತ್ತಾದರೆ ಹಿಂತಿರುಗಿಸುವ ಕೋಡೂ ಇತ್ತು. ದೋಷ ಅಡಗಿದ್ದದ್ದು ಆ ಹಿಂತಿರುಗಿಸುವ ಕೋಡಿನಲ್ಲೇ. ಬಹಳ ಅಪರೂಪದ ಸಂದರ್ಭದಲ್ಲಿ ಲೆಕ್ಕ ಒಂದು ತಪ್ಪಿ, ಹಳಬರ ಗುಂಪಿನಲ್ಲಿ ಇನ್ನೂ ಒಬ್ಬರಿದ್ದಾರೆ ಎಂದು ಲೈಬ್ರರಿ ನಂಬುತ್ತಿತ್ತು. ಮುಂದಿನ ಕೂಗು ಯಾರೂ ಇಲ್ಲದ ಸೀಟಿಗೆ ಹೋಗುತ್ತಿತ್ತು. ನಿಜವಾಗಿ ಮಲಗಿದ್ದವರು ಮಲಗಿಯೇ ಇರುತ್ತಿದ್ದರು.

2020ರ ಏಪ್ರಿಲ್‌ನಲ್ಲಿ ಇದರ ದೂರು ದಾಖಲಾಯಿತು. ಇದಕ್ಕೆ ಸಿಕ್ಕಿ ನಿಂತುಹೋದವುಗಳಲ್ಲಿ ಒಕ್ಯಾಮ್ಲ್ ಪ್ರೋಗ್ರಾಂಗಳೂ ಇದ್ದವು. ಲಿನಕ್ಸ್‌ಥ್ರೆಡ್ಸ್ ಬರೆದ ಲೆರಾಯ್ ಅವರ ಭಾಷೆ! ಅದೇ ವರ್ಷ ಪ್ರೋಗ್ರಾಮರ್ ಒಬ್ಬರು ಇಡೀ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಟಿಎಲ್‌ಎ ಪ್ಲಸ್ ಎಂಬ ಗಣಿತದ ಭಾಷೆಯಲ್ಲಿ ಬರೆದು, ಥ್ರೆಡ್‌ಗಳ ಹೆಜ್ಜೆಗಳು ಒಂದರೊಳಗೊಂದು ಬೆರೆಯಬಹುದಾದ ಕ್ರಮಗಳನ್ನು ಯಂತ್ರದಿಂದಲೇ ಒಂದೊಂದಾಗಿ ಪರೀಕ್ಷಿಸಿದರು. ದಿನಗಟ್ಟಲೆ ಓಡಿಸಿದರೂ ಕೈಗೆ ಸಿಗದ ದೋಷ ಅಲ್ಲಿ ಹೆಜ್ಜೆ ಹೆಜ್ಜೆಯಾಗಿ ಕಣ್ಣಿಗೆ ಕಂಡಿತು. ಆದರೂ ತಿದ್ದುಪಡಿ ಮುಖ್ಯ ಕೋಡಿಗೆ ಸೇರಿದ್ದು 2025ರ ಜನವರಿಯ 2.41ನೇ ಆವೃತ್ತಿಯಲ್ಲಿ. ಇಷ್ಟು ತಡವೇ ಎಂದು ಸಿಟ್ಟಾಗುವವರಿದ್ದಾರೆ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕೋಟ್ಯಂತರ ಯಂತ್ರಗಳು ನೆಚ್ಚಿಕೊಂಡ ಕೋಡಿನ ಆ ಮೂಲೆಯನ್ನು ಮುಟ್ಟುವ ಧೈರ್ಯ ಬರಬೇಕಾದರೆ ಅದನ್ನು ಪೂರ್ತಿ ತಲೆಯಲ್ಲಿ ಹಿಡಿದವರು ಬೇಕು. ಅಂಥವರು ಬೆರಳೆಣಿಕೆಯಷ್ಟು ಮಂದಿ.

ತಿದ್ದಿದ ರೀತಿ ಮಾತ್ರ ತುಂಬಾ ಚೆನ್ನಾಗಿದೆ. ಹಿಂತಿರುಗಿಸುವ ಕೋಡಿಗೆ ಇನ್ನೊಂದು ತೇಪೆ ಹಾಕಲಿಲ್ಲ. ಕೂಗುಗಳನ್ನು ಎಣಿಸುವ ಬಗೆಯನ್ನೇ ಬದಲಿಸಿ, ಬೇರೆ ಗುಂಪಿನ ಕೂಗನ್ನು ಕದಿಯುವುದೇ ಆಗದಂತೆ ಮಾಡಿದರು. ಕದಿಯುವುದೇ ಇಲ್ಲವೆಂದ ಮೇಲೆ ಹಿಂತಿರುಗಿಸುವ ಕೋಡನ್ನೂ ಪೂರ್ತಿ ಅಳಿಸಿದರು. ಗಾತ್ರ ಈಗಲೂ 48 ಬೈಟ್. ಆ ವರ್ಷದ ಆಗಸ್ಟ್‌ನಲ್ಲಿ ಬಂದ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 13ನೇ ಆವೃತ್ತಿಯಲ್ಲಿ ಇರುವುದು ಇದೇ 2.41.