ಮೇಲ್‌ಟು ಲಿಂಕ್ ಒತ್ತಿದರೆ ತೆರೆಯುವುದು ಯಾವುದು?

ಯಾವುದೋ ಕಾಲೇಜಿನ ವೆಬ್‌ಸೈಟಿನಲ್ಲಿ ‘ಇಮೇಲ್ ಮಾಡಿ’ ಅಂತ ನೀಲಿ ಅಕ್ಷರದಲ್ಲಿ ಇರುತ್ತದೆ. ಒತ್ತುತ್ತೀರಿ. ದಿನಾ ನೋಡುವ ಜಿಮೇಲ್ ಬರುವುದಿಲ್ಲ. ಎಂದೂ ಮುಟ್ಟದ ಮೇಲ್ ಪ್ರೋಗ್ರಾಂ ಒಂದು ಮೈಮುರಿದು ಎದ್ದು, ಖಾತೆ ಸೇರಿಸಿ ಅನ್ನುತ್ತದೆ. ಅದನ್ನು ಮುಚ್ಚಿ, ವಿಳಾಸ ಕಾಪಿ ಮಾಡಿ, ಜಿಮೇಲ್‌ನಲ್ಲಿ ಪೇಸ್ಟ್ ಮಾಡುತ್ತೀರಿ. ನಾನೂ ವರ್ಷಗಟ್ಟಲೆ ಹೀಗೇ ಮಾಡಿದ್ದೇನೆ.

ಇಂಥ ಇಮೇಲ್ ಲಿಂಕಿನ ವಿಳಾಸ ‘ಮೇಲ್‌ಟು:’ ಅಂತ ಶುರುವಾಗುತ್ತದೆ. ಹೀಗೆ ಲಿಂಕಿನಲ್ಲಿ ಕೋಲನ್‌ಗೆ (:) ಮೊದಲು ಬರುವ ಪದಕ್ಕೆ ಸ್ಕೀಮ್ ಅನ್ನುತ್ತಾರೆ. ಅದು ಎಚ್‌ಟಿಟಿಪಿ ಆಗಿದ್ದರೆ ಬ್ರೌಸರ್ ತಾನೇ ತೆರೆಯುತ್ತದೆ. ಮೇಲ್‌ಟು, ಟೆಲ್ (ಫೋನ್ ನಂಬರ್), ಮ್ಯಾಗ್ನೆಟ್ (ಟೊರೆಂಟ್ ಡೌನ್‌ಲೋಡ್) ಆಗಿದ್ದರೆ ಇನ್ನೊಬ್ಬರ ಕೈಗೆ ದಾಟಿಸುತ್ತದೆ. ಆ ಇನ್ನೊಬ್ಬರೇ ಹ್ಯಾಂಡ್ಲರ್. ಮೇಲ್‌ಟು 1994ರ ಯುಆರ್‌ಎಲ್ (ವೆಬ್ ವಿಳಾಸ) ನಿಯಮಗಳಲ್ಲೇ ಇತ್ತು. ಮುಂದೆ ಹತ್ತು–ಹನ್ನೆರಡು ವರ್ಷ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯದ್ದೇ ಕಾರುಬಾರು: ಹೊಸದಾಗಿ ಇನ್‌ಸ್ಟಾಲ್ ಆದ ಪ್ರೋಗ್ರಾಂ ಹಳೆಯದರ ಹೆಸರು ಅಳಿಸಿ ತನ್ನದು ಬರೆದುಕೊಳ್ಳುತ್ತಿತ್ತು.

2007ರ ಜುಲೈನಲ್ಲಿ ಒಂದು ಗಲಾಟೆ ಆಯಿತು. ಒಂದು ಬ್ರೌಸರಿನಲ್ಲಿ ಒತ್ತಿದ ಲಿಂಕ್ ಇನ್ನೊಂದು ಬ್ರೌಸರನ್ನು ಎಬ್ಬಿಸಿ, ಜೊತೆಗೆ ಕಿಡಿಗೇಡಿ ಆಜ್ಞೆಯನ್ನೂ ಸಾಗಿಸಬಹುದು ಅಂತ ಗೊತ್ತಾಯಿತು. ಲಿಂಕ್ ದಾಟಿಸಿದ ಬ್ರೌಸರಿನವರು ಸೋಸಿ ಕೊಡಬೇಕಿತ್ತಾ, ತಗೊಂಡ ಬ್ರೌಸರಿನವರು ನೋಡಿ ತಗೋಬೇಕಿತ್ತಾ? ಇಬ್ಬರ ವಾದವೂ ಸುಳ್ಳಲ್ಲ.

ಮರುವರ್ಷ ಜೂನ್‌ನಲ್ಲಿ ಫೈರ್‌ಫಾಕ್ಸ್ 3 ಬಂತು. ನನಗೆ ಇಷ್ಟವಾದ ಘಟ್ಟ ಇದು. ಪ್ರೋಗ್ರಾಂ ಮಾತ್ರ ಅಲ್ಲ, ವೆಬ್‌ಸೈಟ್ ಕೂಡ ಹ್ಯಾಂಡ್ಲರ್ ಆಗಬಹುದು ಅಂತಾಯಿತು. ಉಪಾಯ ತುಂಬ ಸರಳ. ಸೈಟು ತನ್ನದೊಂದು ವಿಳಾಸ ಕೊಡುತ್ತದೆ. ಅದರಲ್ಲಿ ಒಂದು ಕಡೆ ಶೇಕಡಾ ಚಿಹ್ನೆ, ಪಕ್ಕದಲ್ಲಿ ಎಸ್ ಅಕ್ಷರ. ನೀವು ಒತ್ತಿದ ಪೂರ್ತಿ ಲಿಂಕನ್ನು ಬ್ರೌಸರ್ ಆ ಜಾಗದಲ್ಲಿ ತುಂಬಿ ಸೈಟಿಗೆ ಕಳಿಸುತ್ತದೆ. ಅಷ್ಟೇ! ಕ್ರೋಮ್‌ಗೆ ಇದು 2011ರಲ್ಲಿ ಬಂತು, ಸಫಾರಿ ಮಾತ್ರ ಹತ್ತಿರ ಸೇರಿಸಲಿಲ್ಲ.

ಕಟ್ಟುಪಾಡುಗಳೂ ಇವೆ. ಸೈಟು ತನ್ನ ವಿಳಾಸವನ್ನೇ ಕೊಡಬೇಕು, ಬೇರೆಯವರದ್ದಲ್ಲ. ಒಪ್ಪಿದ ಸ್ಕೀಮ್‌ಗಳದ್ದೊಂದು ಪಟ್ಟಿ ಇದೆ. ಹೊಸದು ಬೇಕಿದ್ದರೆ ಹೆಸರಿನ ಮುಂದೆ ‘ವೆಬ್ ಪ್ಲಸ್’ ಸೇರಿಸಬೇಕು. ಇಲ್ಲದಿದ್ದರೆ ಯಾರೋ ಒಬ್ಬರು ಎಚ್‌ಟಿಟಿಪಿಯನ್ನೇ ತನ್ನದು ಅಂದುಬಿಟ್ಟರೆ? ಕೊನೆಗೆ, ನಿಮ್ಮನ್ನು ಕೇಳಬೇಕು. ಆದರೆ ಕ್ರೋಮ್‌ನಲ್ಲಿ ಆ ಪ್ರಶ್ನೆ ಅಡ್ರೆಸ್ ಬಾರ್‌ನ ತುದಿಯಲ್ಲಿ ಎರಡು ಪುಟ್ಟ ವಜ್ರಾಕೃತಿಯಾಗಿ ಕೂತಿರುತ್ತದೆ. ಅದು ಪ್ರಶ್ನೆ ಅಂತ ಎಷ್ಟು ಜನಕ್ಕೆ ಗೊತ್ತು? ಒಮ್ಮೆ ಬೇಡ ಅಂದಿದ್ದರೆ ಸೆಟ್ಟಿಂಗ್ಸ್‌ನ ಪ್ರೋಟೋಕಾಲ್ ಹ್ಯಾಂಡ್ಲರ್ಸ್‌ಗೆ ಹೋಗಿ ಬಿಡಿಸಬೇಕು. ಫೈರ್‌ಫಾಕ್ಸ್‌ನಲ್ಲಿ ಅಪ್ಲಿಕೇಶನ್ಸ್ ಪಟ್ಟಿಯಲ್ಲಿ ಮೇಲ್‌ಟು ಸಾಲು ಹುಡುಕಿ ಜಿಮೇಲ್ ಆರಿಸಿದರೆ ಆಯಿತು.

ಮೊಬೈಲಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಒಂದೇ ಸ್ಕೀಮ್ ತನ್ನದು ಅಂತ ಎರಡು ಆ್ಯಪ್ ಹೇಳಿಕೊಳ್ಳಬಹುದಿತ್ತು, ಮೋಸಕ್ಕೂ ದಾರಿಯಿತ್ತು. 2015ರಲ್ಲಿ ಐಒಎಸ್ 9, ಆಂಡ್ರಾಯ್ಡ್ 6 ಎರಡೂ ಮಾಮೂಲಿ ವೆಬ್ ಲಿಂಕನ್ನೇ ಆ್ಯಪ್‌ಗೆ ಕಟ್ಟುವ ಏರ್ಪಾಡು ತಂದವು. ಈ ಲಿಂಕ್ ಈ ಆ್ಯಪ್‌ಗೆ ಸೇರಿದ್ದು ಅಂತ ಸೈಟಿನವರೇ ಒಂದು ಕಡತದಲ್ಲಿ ಬರೆದಿಡುತ್ತಾರೆ. ಭದ್ರತೆ ಜಾಸ್ತಿಯಾಯಿತು, ನಿಜ. ನಿಮ್ಮನ್ನು ಕೇಳುವುದು ಕಡಿಮೆಯಾಯಿತು, ಅದೂ ನಿಜ.

ಹಳೆಯ ಪದ್ಧತಿ ಈಗಲೂ ನೋಡಬೇಕಿದ್ದರೆ ಟೀ ಅಂಗಡಿಗೆ ಹೋಗಿ. ಅಲ್ಲಿನ ಯುಪಿಐ ಕ್ಯೂಆರ್ ಒಳಗಿರುವುದು ಒಂದು ಲಿಂಕು. ಸ್ಕೀಮ್ ಯುಪಿಐ, ಆಮೇಲೆ ಪಿಎ ಅಂದರೆ ಅಂಗಡಿಯವರ ಐಡಿ, ಪಿಎನ್ ಅಂದರೆ ಹೆಸರು. ಇಂಥದೇ ಲಿಂಕನ್ನು ಆಂಡ್ರಾಯ್ಡ್ ಬ್ರೌಸರಿನಲ್ಲಿ ಒತ್ತಿದರೆ ಫೋನಿನಲ್ಲಿರುವ ಪೇಮೆಂಟ್ ಆ್ಯಪ್‌ಗಳ ಸಾಲು ಕೆಳಗಿಂದ ಮೇಲೆ ಬರುತ್ತದೆ. ಐಫೋನ್‌ನಲ್ಲಿ ಆ ಸಾಲು ಬರುವುದಿಲ್ಲ, ಯಾವುದೋ ಒಂದು ತೆರೆಯುತ್ತದೆ. ಅದಕ್ಕೇ ಪೇಮೆಂಟ್ ಪುಟಗಳಲ್ಲಿ ಒಂದೊಂದು ಆ್ಯಪ್‌ಗೂ ಬೇರೆ ಬಟನ್, ಒಂದೊಂದರ ಹಿಂದೆಯೂ ಬೇರೆ ಸ್ಕೀಮ್. ನಿಮ್ಮ ಬ್ಯಾಂಕಿನ ಆ್ಯಪ್‌ಗೂ ಒಂದು ಬಟನ್ ಇದ್ದರೆ ಅದೃಷ್ಟ.